ಎಡದಂಚು

ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿ.
ಯಾರೋ ತಂದ ಪಿಎಚ್‌ಪಿ ಪುಸ್ತಕ,
ಒಂದು ಪ್ರತಿ ಅವರಿಗೆ, ಒಂದು ನನಗೆ.
ಹಾಳೆಯ ದುಡ್ಡು ಸಂಬಳದಲ್ಲಿ ಮುರಿದುಕೊಳ್ಳಿ ಅಂದೆ;
ಪೈಗಳು ಕನ್ನಡಕದ ಮೇಲಿಂದ ನೋಡಿದರು.

ಇದ್ದದ್ದನ್ನು ಇದ್ದ ಹಾಗೇ ಹೊಡೆದೆ.
ಹದಿನಾಲ್ಕನೇ ಸಾಲಲ್ಲಿ ತಪ್ಪು, ಅಂದಿತು.
ತಿದ್ದಿದೆ. ಹದಿನಾಲ್ಕನೇ ಸಾಲಲ್ಲಿ ತಪ್ಪು.
ಒಂದು ವಾರ ಹೀಗೇ, ಬೀಗ ಹಾಕುವ ಹೊತ್ತು ಮೀರಿ.

ಆಮೇಲೆ ಅವರು ಬೈಂಡಿಂಗಿಗೆಂದು ಮತ್ತೆ ಬಂದರು.
ಮೂಲ ತೆರೆದು ನೋಡಿದರೆ
ಸಾಲುಸಾಲಿನ ತಲೆಯಲ್ಲೂ ಒಂದೊಂದು ಡಾಲರ್!
ನನ್ನ ಪ್ರತಿಯಲ್ಲಿ ಎಡದಂಚೇ ಇಲ್ಲ.
ಗಾಜಿನ ಮೇಲೆ ಪುಸ್ತಕ ಒತ್ತಿ ಹಿಡಿದ ಕೈ ನನ್ನದೇ.

ಈಗ ಕೆಂಪು ಪೆನ್ನಲ್ಲಿ ಒಂದೊಂದೇ ಬರೆಯುತ್ತಿದ್ದೇನೆ.
'ಎಷ್ಟಾಯಿತೇ ಡಾಲರು?' ಪೈಗಳ ನಗೆ.
ಹೇಳಲಿಲ್ಲ ನಾನು,
ನಿನ್ನೆ ರಾತ್ರಿ ತೆರೆಯ ಮೇಲೆ
ಎಡದಂಚಿಗೇ ಒತ್ತಿಕೊಂಡು
ಜುಲೇಖಾ ಅಂತ ಬಂದದ್ದನ್ನು.