ಅಂಗೈಯಗಲದ ತಗಡು

ಮಂಜಿನ ಮಳೆ ನಿಂತು ಐದನೆಯ ದಿನ.
ಲಾಮೆಕ್ ದ್ವೀಪದ ತಂತಿಗಳೆಲ್ಲ ಗಾಜಿನ ಬಳೆ ತೊಟ್ಟು
ಭಾರಕ್ಕೆ ಜೋತು, ಹರಿದು, ರಸ್ತೆಗಡ್ಡ ಮಲಗಿದ್ದವು.
ಎದ್ಮೆ ಗಿನ್ಯಾರ್ ಹೇಳಿಕಳಿಸಿದ್ದ,
ಜನರೇಟರು ಎಷ್ಟು ಎಳೆದರೂ ಏಳುತ್ತಿಲ್ಲವೆಂದು.
ಕಾರ್ಬುರೇಟರು ಕಟ್ಟಿಕೊಂಡಿತ್ತು. ಬಿಚ್ಚಿದೆ, ಊದಿದೆ, ಕೂಡಿಸಿದೆ.
ನಾಲ್ಕನೆಯ ಎಳೆತಕ್ಕೆ ಕೆಮ್ಮಿತು,
ಆರನೆಯದಕ್ಕೆ ಬದುಕಿತು.

ಆಮೇಲೆ ಅವನು ಬಲೆಗಳ ಅಡಿಯಿಂದ ತೆಗೆದ
ಒಂದು ಹಳದಿ ಕೇಬಲ್ಲು.
ಎರಡು ತುದಿಗೂ ಪಿನ್ನು.
ಎರಡು ತಲೆ ಹಾವೆನ್ನುತ್ತಾರಲ್ಲ, ಅದು ಬರಿಯ ಬಾಲದ ಮೋಸ;
ಇದಕ್ಕೆ ಎರಡೂ ಕಡೆ ನಿಜವಾದ ಹಲ್ಲು.
"ನಾನೇ ಮಾಡಿದ್ದು" ಎಂದ, ಮೊಮ್ಮಗುವನ್ನು ತೋರಿಸುವವನಂತೆ.
ಈ ತುದಿ ಜನರೇಟರಿಗೆ,
ಆ ತುದಿ ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟಿಗೆ,
ಮನೆ ತುಂಬ ಬೆಳಕು. ಹತ್ತು ಚಳಿಗಾಲದಿಂದ ಹೀಗೇ.

"ಮೊದಲು ಮೇನು ಆರಿಸುತ್ತೀಯಾ?"
"ಆರಿಸದೆ? ಮರೆಯುವ ಆಸಾಮಿಯಲ್ಲ ನಾನು."
ಬೆಳಗಿನಿಂದ ಹುಡುಕುತ್ತಿದ್ದ ಕನ್ನಡಕ
ಅವನ ಹಣೆಯ ಮೇಲೇ ಇತ್ತು.

ಕಿಟಕಿಯತ್ತ ಕೈಮಾಡಿದೆ.
ಕಂಬದ ಹತ್ತಿರ, ಕ್ರೇನಿನ ತೊಟ್ಟಿಯಲ್ಲಿ ಒಬ್ಬ,
ಯಾವ ಊರಿನವನೋ, ಮೀಸೆಯಲ್ಲಿ ಹಿಮ.
ನೋಡು ಎದ್ಮೆ, ಅವನ ಪಕ್ಕದ ಆ ಬೂದು ಡಬ್ಬಿಗೆ
ದಿಕ್ಕು ಗೊತ್ತಿಲ್ಲ.
ಬೀದಿಯಿಂದ ಬಂದ ಏಳು ಸಾವಿರವನ್ನು
ಇನ್ನೂರ ನಲವತ್ತಕ್ಕೆ ಇಳಿಸುತ್ತದೆ.
ನಿನ್ನ ಮನೆಯಿಂದ ಇನ್ನೂರ ನಲವತ್ತು ಹೊರಟರೆ
ಅಷ್ಟೇ ಶ್ರದ್ಧೆಯಿಂದ ಏಳು ಸಾವಿರಕ್ಕೆ ಏರಿಸುತ್ತದೆ.
ನಿನ್ನ ಫ್ರೀಜರಿನ ಹೆರಿಂಗ್ ಕೆಡದಿರಲೆಂದು ಹೊರಟದ್ದು
ನಡೆಯುತ್ತ ನಡೆಯುತ್ತ
ಅವನ ಕೈಗವಸು ತಲುಪುತ್ತದೆ.

ಎದ್ಮೆ ಉಸಿರೆತ್ತಲಿಲ್ಲ.
ಕೇಬಲ್ಲನ್ನು ಮಡಿಚಿ, ಇಕ್ಕಳದಿಂದ ನಡುವೆ ಕತ್ತರಿಸಿದೆ.
ಆಗ ಬಂತು ಬಾಯಿ: "ಅರವತ್ತು ಡಾಲರು!"

ಪರವಾನಗಿಯ ಅರ್ಜಿಗೆ ಸಹಿ ಹಾಕಿಸಿದೆ, ಅದಕ್ಕೂ ಗೊಣಗಿದ.
ಮೇನು ಆರಿಸಿ, ಟೆಸ್ಟರು ಎರಡು ಸಲ ಮುಟ್ಟಿಸಿ,
ಹೊರಗೋಡೆಗೆ ಮುಚ್ಚಳದ ಇನ್‌ಲೆಟ್ಟು,
ಅಲ್ಲಿಂದ ಪ್ಯಾನಲ್ಲಿಗೆ ದಪ್ಪ ವೈರು, ಹೊಸ ಬ್ರೇಕರು.
ಅದಕ್ಕೂ ಮೇನಿಗೂ ನಡುವೆ
ಅಂಗೈಯಗಲದ ಉಕ್ಕಿನ ತಗಡು.
ಮೇಲೆ ಜಾರುತ್ತದೆ, ಕೆಳಗೆ ಜಾರುತ್ತದೆ. ಅಷ್ಟೇ ಅದರ ವಿದ್ಯೆ.
ಒಂದು ಒರೆಗೆ ಒಂದೇ ಕತ್ತಿ.
ಇದಕ್ಕೆ ನೆನಪು ಬೇಡ, ಒಳ್ಳೆಯತನವೂ ಬೇಡ;
ನೀನು ಕುಡಿದಿದ್ದರೂ, ನಿದ್ದೆಗಣ್ಣಲ್ಲಿದ್ದರೂ
ತಗಡು ಇಲ್ಲವೆಂದರೆ ಇಲ್ಲ.

ಜನರೇಟರನ್ನು ಇಬ್ಬರೂ ಎಳೆದೆವು
ಹಿಮದ ಮೇಲೆ, ಮನೆಯಿಂದ ದೂರ, ದೋಣಿ ಕವುಚಿಟ್ಟ ಜಾಗಕ್ಕೆ.
"ಗ್ಯಾರೇಜಿನ ಬಾಗಿಲು ತೆರೆದಿಟ್ಟರೆ ಸಾಲದೇ?"
ಸಾಲದು. ವಾಸನೆಯಿಲ್ಲದ ಆ ಹೊಗೆ
ಬಾಗಿಲು ನೋಡಿಕೊಂಡು ಓಡಾಡುವುದಿಲ್ಲ.

ಸಂಜೆ ಫ್ರೀಜರು ಗುನುಗಿತು, ಒಲೆಯ ಫ್ಯಾನು ತಿರುಗಿತು,
ಅಡುಗೆಮನೆಗೆ ಒಂದು ಬಲ್ಬು.
ಕೆಟಲ್ಲು ಬೇಕೆಂದರೆ ಬೇರೆಯದು ಕಾಯಬೇಕು.
ತೊಟ್ಟಿಯವನನ್ನು ಎದ್ಮೆಯೇ ಕರೆದ, ಕೋಳಿಯ ಫ್ರಿಕೊ ಬಡಿಸಿದ.
ಲೈಲ್ ಅಂತೆ ಹೆಸರು. ಎರಡು ಬಟ್ಟಲು ಉಂಡ.
"ಸತ್ತ ತಂತಿಗೂ ಮೊದಲು ಅರ್ಥಿಂಗ್ ಕಟ್ಟಿಯೇ ಮುಟ್ಟುವುದು,
ಯಾವ ಮನೆಯನ್ನೂ ನಂಬುವುದಿಲ್ಲ ನಾವು" ಎಂದ,
ಬ್ರೆಡ್ಡು ಅದ್ದುತ್ತ, ಕೋಪವಿಲ್ಲದೆ.
ಎದ್ಮೆ ಕಾಲ್ಬೆರಳಿನಿಂದ
ಹಳದಿ ತುಂಡೆರಡನ್ನೂ ಮೇಜಿನಡಿಗೆ ತಳ್ಳಿದ.

ಎಂಟನೆಯ ರಾತ್ರಿ ಫೋನು.
"ಬೀದಿದೀಪ ಬಂತು. ಮೊದಲು ಯಾವುದು?"
ಜನರೇಟರಿನ ಬ್ರೇಕರು ಆರಿಸು. ತಗಡು ಜಾರಿಸು. ಆಮೇಲೆ ಮೇನು.
ಟಕ್ ಎಂದದ್ದು ಕೇಳಿತು.
ಆಮೇಲೆ ಅವನ ಉಸಿರು,
ಕತ್ತಲಲ್ಲಿ ತಡಕುವ ಬೆರಳು, ಉಕ್ಕು ಉಕ್ಕಿಗೆ ಉಜ್ಜಿದ ಸದ್ದು,
ಮತ್ತೊಂದು ಟಕ್.

"ನಡುವೆ ಪೂರ್ತಿ ಕತ್ತಲಾಗುತ್ತದಲ್ಲೇ" ಎಂದ.
ಆಗಲಿ, ಎಂದೆ.
ಅದಕ್ಕೇ ದುಡ್ಡು ಕೊಟ್ಟದ್ದು ನೀನು.