ಹೊರಟೇನ್

ಲಾಂಚಿನ ಹಲಗೆ ಎತ್ತುವ ವಿಂಚಿನ ಮೈಮೇಲೆ
ಅಂಗೈಯಗಲದ ಹಿತ್ತಾಳೆ ಫಲಕ.
ಗುಜರಿಯಲ್ಲಿ ತೂಕಕ್ಕೆ ಕೊಂಡ ವಿಂಚು;
ಯಾವ ದೇಶದ ಯಾವ ಹಡಗಿನದೋ
ಕೊಟ್ಟವನಿಗೂ ಗೊತ್ತಿರಲಿಲ್ಲ, ತಂದವನಿಗೂ.

ಗಾಮಪ್ಪ ಇಂಗ್ಲಿಷನ್ನು ಬೆರಳಿನಿಂದ ಓದುವವನು.
ಗ್ರೀಸು ಒರೆಸಿ, ಎಂಜಲು ಹಚ್ಚಿ ತಿಕ್ಕಿ,
ಎಚ್ಚು, ಓ, ಆರು, ಟೀ, ಈ, ಎನ್ನು,
ಕೂಡಿಸಿ ಹೇಳಿದ: ‘ಹೊರಟೇನ್.
ನೋಡಿ ಟೀಚರೇ, ಕನ್ನಡವೇ ಇದು.
ಹೊರಡ್ತೀನಿ ಅಂತಿಲ್ಲ, ಹೊರಡಲ್ಲ ಅಂತಲೂ ಇಲ್ಲ.
ಹೊರಟರೆ ಹೊರಟೇನು ಅಂತದೆ ಕಬ್ಬಿಣ.’

ಅವತ್ತು ಒಂಬತ್ತನೇ ಕ್ಲಾಸಿಗೆ
ಸಂಭಾವನಾರ್ಥಕ ಮಾಡಬೇಕಿತ್ತು ನಾನು.
ಬಂದಾನು, ತಿಂದಾಳು, ಓದಿಯಾರು;
ಯಾರು, ಎಲ್ಲಿಂದ, ಏನು ಓದಿಯಾರು?
ಆಚೆ ದಡ ಮುಟ್ಟುವಷ್ಟರಲ್ಲಿ ಪಾಠ ತಯಾರಾಗಿತ್ತು.
‘ಡೀಸೆಲ್ ಬಂದರೆ ಲಾಂಚು ಹೊರಟೀತು’
ಎಂದು ಮಕ್ಕಳು ಬರೆದುಕೊಂಡರು.
ನಿಮ್ಮದೇ ಒಂದು ವಾಕ್ಯ ಹೇಳಿ ಎಂದೆ.
ಗಾಮಪ್ಪನ ತಂಗಿಯ ಮಗಳು ಎದ್ದು ನಿಂತು
‘ಸೇತುವೆ ಆದೀತು’ ಎಂದಳು.
ಇಡೀ ಕ್ಲಾಸು ನಕ್ಕಿತು. ನಾನೂ.

ಹನ್ನೊಂದು ವರ್ಷ, ದಿನಕ್ಕೆರಡು ಸಲ ಆ ನೀರು.
ಬಸ್ಸು, ಜೀಪು, ಮದುವೆ ದಿಬ್ಬಣ, ಬೆದೆಗೆ ಬಂದ ಎಮ್ಮೆ,
ಒಮ್ಮೆ ಹೆರಿಗೆ ನೋವಿನ ಹೆಂಗಸು,
ಒಮ್ಮೆ ಬರಿಯ ಹೆಣ, ಜೊತೆಗೆ ಒಬ್ಬನೇ.
ಎಲ್ಲ ಹತ್ತಿದ ಮೇಲೆ ಹಿಡಿ ತಿರುಗಿಸಿ
ಗಾಮಪ್ಪ ಕೂಗುತ್ತಿದ್ದ: ‘ಹೊರಟೇನ್!’
ಕಂಡಕ್ಟರೂ ಕಲಿತ. ಎಮ್ಮೆಯೊಂದು ಬಿಟ್ಟು ಎಲ್ಲರೂ ಕಲಿತರು.
ಮೇ ತಿಂಗಳಲ್ಲಿ ನೀರಿಳಿದು
ಮರದ ಮೋಟು ತಳಕ್ಕೆ ಗರಗರ ಉಜ್ಜಿದರೆ
‘ನಮ್ಮಜ್ಜನ ಹಲಸು. ಗುರುತು ಹಿಡೀತು’
ಅನ್ನುವನು. ಅದಕ್ಕಿಂತ ಹೆಚ್ಚು ಕೇಳಿದರೆ
ಎಂಜಿನ್ನಿನ ಸದ್ದು ಜೋರಾಗುತ್ತಿತ್ತು.

ಭೂಗೋಳದ ಸದಾನಂದ ಮಾಸ್ತರು
ಅಟ್ಲಾಸಿನಲ್ಲಿ ಆ ಹೆಸರು ಹಿಡಿದರು ಕೊನೆಗೆ.
ನಾರ್ವೆ ದೇಶ. ಕಡಲು ನೆಲವನ್ನು ಸೀಳಿದ ಅಂಚಿಗೆ
ಒರೆಸಿದರೆ ಹೋದೀತು ಅನ್ನುವಷ್ಟು ಚುಕ್ಕೆ.
ನೌಕಾಸೇನೆ ಬೀಡುಬಿಟ್ಟ ಊರಂತೆ,
ಯುದ್ಧದ ಹಡಗು ಕಟ್ಟಿ ನೀರಿಗೆ ಬಿಟ್ಟ ಊರಂತೆ.
ಕಟ್ಟುವ ಶೆಡ್ಡು ಮುಚ್ಚಿ ಎಷ್ಟೋ ಕಾಲವಾಯಿತಂತೆ.

ಗಾಮಪ್ಪ ಬೀಡಿ ಹಚ್ಚದೆ ಕೇಳಿದ.
‘ನಮ್ಮ ಊರಿಗೆ ಹೆಸರು ಸಾಗರ, ಸಮುದ್ರವಿಲ್ಲ.
ಅವರಿಗೆ ಸಮುದ್ರ ಅದೆ, ಹೊರಡೋ ಹಡಗಿಲ್ಲ.’
ಸುತ್ತಿಗೆ ಹಿಡಿದವರು ಈಗೇನು ಮಾಡ್ತಾರೆ?
ಗೊತ್ತಿಲ್ಲ ಎಂದೆ.
ಲಾಂಚು ಅದೆಯಾ ಅಲ್ಲಿ?
ಇದೆ. ಕಾರು, ಲಾರಿ ಹೇರಿಕೊಂಡು
ಈ ದಡದಿಂದ ಆ ದಡಕ್ಕೆ, ಅರ್ಧ ಗಂಟೆ.
ಸೇತುವೆಯ ಮಾತು ಬಹಳ ವರ್ಷದಿಂದ ನಡೆದಿದೆಯಂತೆ.
ಅವನು ನೀರಿನಲ್ಲಿ ಎದ್ದು ನಿಂತಿದ್ದ
ನಮ್ಮ ಕಂಬಗಳನ್ನು ಎಣಿಸಿದ. ‘ಮಾತು ಇರ್ಲಿ’ ಎಂದ,
‘ಮಾತಿಂದ ಯಾರ ಕೆಲಸವೂ ಹೋಗಲ್ಲ.’

ಸೇತುವೆ ಆಯಿತು.
ನಕ್ಕ ಕ್ಲಾಸಿನವರು ಅದರ ಮೇಲೆ ಫೋಟೊ ತೆಗೆಸಿಕೊಂಡರು.
ನನಗೆ ಬೆಳಿಗ್ಗೆ ನಲವತ್ತು ನಿಮಿಷ ಉಳಿಯಿತು,
ಅದರಲ್ಲಿ ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ.

ವಿಂಚು ಮತ್ತೆ ತೂಕಕ್ಕೆ ಹೋಗುವ ದಿನ
ಫಲಕ ಬಿಚ್ಚಲು ಕೂತ ಗಾಮಪ್ಪ.
ಎರಡು ತಿರುಪು ಬಂದವು, ಎರಡು ಬರಲಿಲ್ಲ.
ಉಳಿ ತರಲೆ ಎಂದರೆ ಬೇಡವೆಂದ,
ಅದರ ಹೆಸರು ಅದರ ಜೊತೆಗಿರಲಿ.
ಲಾರಿಯ ಬೆನ್ನಿಗೆ ಹಗ್ಗದಲ್ಲಿ ಕಟ್ಟಿಸಿಕೊಂಡು
ಒಂದು ಬದಿ ಸಡಿಲಾದ ಫಲಕ ಟಣಟಣ ಅನ್ನಿಸುತ್ತ
ವಿಂಚು ಸೇತುವೆ ದಾಟಿತು.

ತಿರುಪುಗಳು ನನ್ನ ಸೀಮೆಸುಣ್ಣದ ಡಬ್ಬಿಯಲ್ಲಿವೆ.
ಗಾಮಪ್ಪ ಸೇತುವೆಯ ತುದಿಯಲ್ಲಿ
ನೋಡಲು ಬಂದವರಿಗೆ ಜೋಳ ಸುಟ್ಟು ಕೊಡುತ್ತಾನೆ.
ನನಗೆ ಎಳೆಯದೇ ಆರಿಸುತ್ತಾನೆ, ಕಾಸು ಮಾತ್ರ ಬಿಡುವುದಿಲ್ಲ.

ಈ ಸಲದ ಪ್ರಶ್ನೆಪತ್ರಿಕೆ ನನ್ನದೇ.
‘ಹೊರಡು’ ಧಾತುವಿನ ಸಂಭಾವನಾರ್ಥಕ,
ಉತ್ತಮ ಪುರುಷ, ಏಕವಚನ.
ಒಂದು ಅಂಕ.
ಕೊನೆಯ ಉಕಾರ ಬಿಟ್ಟವರಿಗೂ ಕೊಟ್ಟಿದ್ದೇನೆ.