ಐದನೇ ಪುಟದ ಅಂಕಣಕಾರರಿಗೆ, ಇಸ್ತ್ರಿ ಮೇಜಿನಿಂದ

ಸ್ವಾಮೀ,
ನಿಮ್ಮ ಅಂಕಣ ನನಗೆ ಸಿಗುವುದು ಎರಡು ದಿನ ತಡವಾಗಿ,
ಮಡಚಿದ ಅಂಗಿಯ ಹೊಟ್ಟೆಗೆ ತುಂಬಲು
ಮಾಲಕರ ಮನೆಯಿಂದ ಬರುವ ರದ್ದಿಯ ಕಟ್ಟಿನಲ್ಲಿ.
ಮಹಬೂಲದ ಈ ಲಾಂಡ್ರಿಯಲ್ಲಿ
ಇಂಗ್ಲಿಷು ಓದುವವನು ನಾನೊಬ್ಬನೇ,
ಅದೂ ತುಟಿ ಅಲ್ಲಾಡಿಸಿಕೊಂಡು.

'ಐನೂರ ಹದಿನೇಳು ಈಗ ಇಪ್ಪತ್ತು ನಿಮಿಷಕ್ಕೊಂದು.
ಪ್ರಯಾಣಿಕರು ಸಂತಸಗೊಂಡಿದ್ದಾರೆ.'
ಯಾವ ಪ್ರಯಾಣಿಕರು ಮಾರಾಯರೇ?
ಅವರಿಗೆ ಹೆಸರಿಲ್ಲ, ಊರಿಲ್ಲ,
ಕೈಯಲ್ಲೊಂದು ಊಟದ ಡಬ್ಬಿಯೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ಆ ನಿಲ್ದಾಣದಲ್ಲಿ ನಾವು ಹನ್ನೊಂದು ಜನ.
ಕ್ಲಿನಿಕ್ಕಿನ ನೆಲ ಒರೆಸುವ ಸಿಂಹಳದ ಅಕ್ಕತಂಗಿ,
ಮಾತೇ ಆಡದ ನೇಪಾಳಿ,
ಮಾತು ನಿಲ್ಲಿಸದ ಈಜಿಪ್ಟಿನ ಕ್ಷೌರಿಕ.
ಉಳಿದವರ ಹೆಸರು ನನಗೂ ಗೊತ್ತಿಲ್ಲ, ಚಪ್ಪಲಿ ಗೊತ್ತು.
ಒಬ್ಬೊಬ್ಬರನ್ನೂ ಕೇಳಿದೆ:
ಪತ್ರಿಕೆಯವರು ಬಂದಿದ್ದರಾ?
ಕ್ಷೌರಿಕ ನಕ್ಕ. ನೇಪಾಳಿ, ಮೊದಲ ಬಾರಿ, 'ಇಲ್ಲ' ಎಂದ.

ನೀವು ಹೊಗಳಿದ ತಂಪು ತಂಗುದಾಣಕ್ಕೆ ಬೀಗ ಇದೆ.
ಗಾಜಿನೊಳಗೆ ಕುರ್ಚಿಗಳು ಸುಖವಾಗಿವೆ.
ಹೊರಗೆ ದೀಪದ ಕಂಬದ ನೆರಳಿನಲ್ಲಿ
ನಾವು ಒಬ್ಬರ ಹಿಂದೊಬ್ಬರು,
ನೆರಳು ಎಷ್ಟಗಲವೋ ಅಷ್ಟೇ ಅಗಲ,
ಅದು ಸರಿದ ಹಾಗೆ ಸರಿಯುತ್ತಾ.
ಬಸ್ಸು ಬಂದ ಹೊತ್ತೆಲ್ಲ ಗುಲಾಬಿ ಚೀಟಿಗಳ ಹಿಂದೆ ಬರೆದಿಟ್ಟಿದ್ದೇನೆ:
ಮೂರು ನಲವತ್ತು. ನಾಲ್ಕು ಐದು. ಒಂದು ಬುಧವಾರ, ಬರಲೇ ಇಲ್ಲ.

ಕಾಪಿನಲ್ಲಿ ನನ್ನ ಅಜ್ಜಿ ನಲವತ್ತು ಮನೆಯ ಬಟ್ಟೆ ಒಗೆಯುತ್ತಿದ್ದಳು.
ಕೇರುಬೀಜದ ರಸದಲ್ಲಿ ಅಂಚಿಗೊಂದು ಗುರುತು:
ಶ್ಯಾನುಭೋಗರದು ಎರಡು ಚುಕ್ಕೆ,
ಬಂದರಿನ ಸಾಹುಕಾರರದು ಚುಕ್ಕೆಯ ಪಕ್ಕ ಗೀಟು.
ಅಕ್ಷರ ಬಾರದು ಅವಳಿಗೆ.
ಒಂದು ಪಂಚೆಯೂ ಮನೆ ತಪ್ಪಲಿಲ್ಲ.
ತಪ್ಪಿದ್ದರೆ ಯಾರ ಮನೆಯ ಗುಟ್ಟೋ
ಯಾರ ಮಂಚದ ಮೇಲೋ!

ನೀವು, ಓದಿದವರು,
ಐನೂರ ಹದಿನೇಳನ್ನು ಫಹಾಹೀಲಿಗೆ ಕಳಿಸಿದ್ದೀರಿ.
ಅದು ಹೋಗುವುದು ಫರ್ವಾನಿಯಕ್ಕೆ.
ನಿಮ್ಮನ್ನು ನಂಬಿ ಹತ್ತಿದ ಹುಡುಗಿಯೊಬ್ಬಳು
ಕೆಲಸದ ಸಂದರ್ಶನಕ್ಕೆ ಇಸ್ತ್ರಿ ಮಾಡಿಸಿದ ಅಂಗಿಯಲ್ಲೇ
ವಾಪಸು ಬಂದಳು, ನಮ್ಮ ಗಲ್ಲದ ಮುಂದೆಯೇ ಕೂತಳು.
ಮುಂದಿನ ಗುರುವಾರದ ಪುಟದಲ್ಲಿ ತಿದ್ದುಪಡಿ ಹುಡುಕಿದೆ.
ಒಂದು ಕಾರಿನ ಜಾಹೀರಾತು ಇತ್ತು.

ಇನ್ನು ಆ ಫೋಟೋ.
ಹಿಂದೆ ಕಾಣುವ ಜ್ಯೂಸ್ ಅಂಗಡಿ ಮುಚ್ಚಿ ಮೂರು ವರ್ಷ.
ಮುಂದೆ ನಿಂತವನು ಶಿರ್ವದ ಸಿಪ್ರಿಯನ್.
'ನಗುಮೊಗದಿಂದ ಬಸ್ಸಿಗೆ ಕಾಯುವ ಪ್ರಯಾಣಿಕ'.
ಅದು ನಗುವಲ್ಲ ಸ್ವಾಮೀ,
ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ ಹಲ್ಲು ಕಾಣುತ್ತದೆ.
ಮೂರನೆಯ ಸಲ ತಡವಾದಾಗ
ಅವನ ಬೇಕರಿಯವರು ಟಿಕೆಟು ಕೈಗಿಟ್ಟು ಊರಿಗೆ ಕಳಿಸಿದರು.
ನಿಮ್ಮ ಪುಟವನ್ನು ಮೊಬೈಲಿನಲ್ಲಿ ಹಿಡಿದು ಅವನಿಗೆ ಕಳಿಸಿದೆ.
ತುಂಬಾ ಹೊತ್ತಿನ ಮೇಲೆ ಉತ್ತರ ಬಂತು:
'ಮತ್ತೆ, ಬಸ್ಸು ಬಂತಾ?'

ನೀವು ಕೆಟ್ಟವರಲ್ಲ ಎಂದುಕೊಳ್ಳುತ್ತೇನೆ.
ನಿಮ್ಮ ಅಂಗಿ ಒಮ್ಮೆ ಈ ಮೇಜಿಗೆ ಬಂದರೆ
ಗೊತ್ತಾಗಿಬಿಡುತ್ತದೆ, ಅಷ್ಟೆ:
ಬಸ್ಸಿನವರ ಬೆನ್ನಿಗೆ ಉಪ್ಪಿನ ಬಿಳಿ ನಕ್ಷೆ,
ಕಾರಿನವರ ಎಡಹೆಗಲಿಂದ ಇಳಿದ ಬೆಲ್ಟಿನ ಸುಕ್ಕು.

ನಾಳೆ ಬನ್ನಿ, ಮೂರಕ್ಕೆ.
ಪೆನ್ನು ಇಲ್ಲದಿದ್ದರೂ ನಡೆದೀತು, ಚೀಟಿ ನನ್ನಲ್ಲಿವೆ.
ಕೊಂಚ ಓರೆಯಾಗಿ ನಿಂತರೆ
ಕಂಬದ ನೆರಳಿನಲ್ಲಿ ಹನ್ನೆರಡನೆಯವರಿಗೂ ಜಾಗವಾಗುತ್ತದೆ.
ಅಂಗಿ ಕೊಳೆಯಾದರೆ ತನ್ನಿ,
ನಿಮ್ಮದಕ್ಕೂ ಒಂದು ಚುಕ್ಕೆ ಹಾಕುತ್ತೇನೆ,
ಇನ್ನೊಬ್ಬರದರೊಡನೆ ಬೆರೆಯದ ಹಾಗೆ.